ಮೀನುಗಿಡುಗ ಕಾಲು ತೊಳೆಯುವುದೇಕೆ

ಲೋಕ ಇನ್ನೂ ಹಸಿಯಾಗಿತ್ತು. ಹೊಳೆಗಳಿಗೆ ಆಗಷ್ಟೇ ದಾರಿ ಸಿಕ್ಕಿತ್ತು. ಗಾಳಿ, ನೀರು, ಹಕ್ಕಿ, ಮನುಷ್ಯರು, ಎಲ್ಲರದೂ ಒಂದೇ ಮಾತು.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ದುಗ್ಗಜ್ಜಿ ಇದ್ದಳು. ಮೋಡ ಒಗೆಯುವುದು ಅವಳ ಕೆಲಸ. ಮಳೆಗಾಲ ಮುಗಿದ ಮೇಲೆ ಮೋಡಗಳು ಕೊಳೆಯಾಗಿ ಅವಳ ಕಲ್ಲಿಗೆ ಬರುತ್ತಿದ್ದವು. ಅಂಟುವಾಳದ ನೊರೆ ಹಚ್ಚಿ, ಕಲ್ಲಿಗೆ ಬಡಿದು, ಬೆಳ್ಳಗೆ ಮಾಡಿ ಬಿಸಿಲಿಗೆ ಹರಡುತ್ತಿದ್ದಳು.

ಯಾರ ಮೋಡವೂ ಅದಲುಬದಲಾಗಬಾರದು. ಅದಕ್ಕೆ ಮೋಡದ ಮೂಲೆಯಲ್ಲಿ ಕೇರುಬೀಜದ ಕಪ್ಪು ರಸದ ಗುರುತು. ಗುಡ್ಡದ ಮೋಡಕ್ಕೆ ಒಂದು ಚುಕ್ಕೆ. ಕಡಲ ಮೋಡಕ್ಕೆ ಎರಡು.

"ನಾನು ಹಾಕಿದ ಗುರುತು ಯಾವ ನೀರಿಗೂ ಹೋಗೂದಿಲ್ಲ" ಎಂದು ಅಜ್ಜಿಗೆ ಹೆಮ್ಮೆ. ಹೋಗುತ್ತಲೂ ಇರಲಿಲ್ಲ.

ಮೋಡ ಬೆಳ್ಳಗಾಗುವ ಹೊತ್ತಿಗೆ ಬಡಗಣದಿಂದ ಮೀನುಗಿಡುಗ ಬರುತ್ತಿದ್ದಳು. ಹಿಮದ ಬೆಟ್ಟಗಳ ಆಚೆ ಅವಳ ಗೂಡು. ಆಗ ಅವಳ ಮುಖವೆಲ್ಲ ಬಿಳಿ. ಒಂದು ಕಲೆಯೂ ಇರಲಿಲ್ಲ.

ಅಜ್ಜಿಯ ಕಲ್ಲಿನ ಹಿಂದೆ ಹೊಳೆ ಬಾಗುತ್ತಿತ್ತು. ಅಲ್ಲೊಂದು ಆಳದ ಮಡು, ಒಂದು ಒಣಮರ. ಆ ಮಡುವಿನ ಸುದ್ದಿ ಅವಳಿಗೂ ಅಜ್ಜಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಸಿವಾದಾಗ ಒಂದು ಮೀನು. ಮತ್ತೆ ಮರದ ಮೇಲೆ. ಚಳಿಗಾಲವೆಲ್ಲ ಅಷ್ಟೇ.

"ಯಾವ ದಾರೀಲಿ ಬಂದ್ಯೆ ಮಗಾ?" ಅಜ್ಜಿ ಕೇಳುತ್ತಿದ್ದಳು.

"ನನ್ನ ದಾರೀಲಿ."

"ಎಂಥ ಹುಡುಗಿ ಮಾರಾಯ್ತಿ ನೀನು! ಹೇಳಿದ್ರೆ ಬಾಯಿ ಸವೀತದಾ?"

ಗಿಡುಗ ಹೇಳುತ್ತಿರಲಿಲ್ಲ. ಅಜ್ಜಿ ನಗುತ್ತಿದ್ದಳು.

ಆದರೆ ಗಿಡುಗ ಹೊರಟುಹೋದ ಮೇಲೆ ಅಜ್ಜಿಗೆ ಚಡಪಡಿಕೆ. ಬದುಕಿದ್ದಾಳೋ ಇಲ್ಲವೋ? ಬರುತ್ತಾಳೋ ಇಲ್ಲವೋ? ಕಳೆದುಹೋದರೆ?

ಕಳೆದುಹೋಗಬಾರದ್ದಕ್ಕೆ ಏನು ಮಾಡಬೇಕೆಂದು ಅಜ್ಜಿಗೆ ಗೊತ್ತಿದ್ದುದು ಒಂದೇ.

ಒಂದು ಮಧ್ಯಾಹ್ನ ಗಿಡುಗ ಒಣಮರದ ಮೇಲೆ ತೂಕಡಿಸುತ್ತಿದ್ದಳು. ಅಜ್ಜಿ ಮೆಲ್ಲಗೆ ಹೋಗಿ ಅವಳ ಎಡಗಾಲಿಗೆ ಕೇರಿನ ಚುಕ್ಕೆ ಇಟ್ಟಳು.

ಅವಳನ್ನು ಒಂದು ಮಾತು ಕೇಳಲಿಲ್ಲ.

ಎದ್ದ ಮೇಲೆ ಗಿಡುಗ ಅದನ್ನು ಕೆಸರು ಎಂದುಕೊಂಡಳು. ಬಡಗಣದ ಗೂಡಿಗೆ ಮರಳಿ, ಆ ಬೇಸಿಗೆಯೆಲ್ಲ ಕೆಸರು ಎಂದೇ ತಿಳಿದಳು.

ಬಡಗಣದಲ್ಲಿ ಎಲೆ ಕೆಂಪಾಯಿತು. ಗಿಡುಗ ಹೊರಟಳು.

ಸಿಂಧು ನದಿಯಲ್ಲಿ ಮೀನು ಹಿಡಿದಳು. ಮರುಭೂಮಿ ದಾಟಿದಳು. ರೆಕ್ಕೆ ನೋಯುತ್ತಿತ್ತು. ನರ್ಮದೆಯ ಮರಳದಿಬ್ಬದ ಮೇಲೆ ಇಳಿದಳು.

"ಮೊನ್ನೆ ಸಿಂಧೂನಲ್ಲಿ ಇದ್ದೆಯಂತೆ?" ನರ್ಮದೆ ಕೇಳಿತು.

ಅವಳ ಕುತ್ತಿಗೆಯ ಗರಿ ಎದ್ದಿತು.

"ನಿನಗೆ ಯಾರು ಹೇಳಿದ್ದು?"

"ಬಡಗಾಳಿ. ಕಾಲಲ್ಲಿ ಕಪ್ಪು ಚುಕ್ಕೆ ಇದ್ದೋಳು ಬಂದ್ಲಾ ಅಂತ ಊರೂರಲ್ಲಿ ಕೂಗ್ತಾ ಬಂದ. ದಿನಾ ಓಡಿಹೋಗಿ ಅಳಿವೆಯ ಅಜ್ಜಿಗೆ ಸುದ್ದಿ ಮುಟ್ಟಿಸ್ತಾನೆ. ಎಲ್ಲರಿಗೂ ಗೊತ್ತು."

ಗಿಡುಗ ಬಗ್ಗಿ ಕಾಲು ನೋಡಿದಳು. ಕೆಸರಲ್ಲ.

ಅವಳು ಅಲ್ಲಿ ಕಣ್ಣು ಮುಚ್ಚಲಿಲ್ಲ. ನೋಯುವ ರೆಕ್ಕೆಯಲ್ಲೇ ಎದ್ದಳು. ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ. ನನ್ನ ಮಡು ಒಂದಿದೆಯಲ್ಲ ಎಂದುಕೊಂಡೇ ಹಾರಿದಳು.

ಮಡುವಿನಲ್ಲಿ ಹೆಜ್ಜಾರ್ಲೆಗಳು ನಿಂತಿದ್ದವು. ಇಡೀ ಹಿಂಡು. ಒಣಮರದ ಮೇಲೂ ಕೂತಿದ್ದವು. ಜೋಲು ಗಂಟಲು ತುಂಬಿತ್ತು. ನೀರಿನಲ್ಲಿ ಒಂದು ಮೀನೂ ಮಿಸುಕಲಿಲ್ಲ.

"ನಿಮ್ಮನ್ನು ಇಲ್ಲಿಗೆ ಕರೆದವರು ಯಾರು?" ಗಿಡುಗ ಚೀರಿದಳು.

"ನಿನ್ನ ಕಾಲು" ಎಂದಿತು ಮುದಿ ಹೆಜ್ಜಾರ್ಲೆ. "ಬಡಗಾಳಿ ಸುದ್ದಿ ತಗೊಂಡು ದಿನಾ ಇಲ್ಲಿಗೇ ಓಡೋದು. ಹಿಂದೇ ಬಂದ್ವಿ. ಮಡು ಚೆನ್ನಾಗಿತ್ತು ಕಣೇ. ನೀನು ಸ್ವಲ್ಪ ತಡ ಮಾಡಿದೆ."

ಉಳಿದವು ಕೊಕ್ಕು ಬಡಿದು ನಕ್ಕವು.

ಗಿಡುಗ ಅಜ್ಜಿಯ ಕಲ್ಲಿಗೆ ಬಂದು ಇಳಿದಳು. ಅಜ್ಜಿ ನೊರೆ ಕೈಯಲ್ಲೇ ಎದ್ದಳು. ಮುಖ ಅರಳಿತ್ತು.

"ಬಂದ್ಯಾ ಮಗಾ! ಗೊತ್ತಿತ್ತು ನಂಗೆ. ನರ್ಮದೆ ದಿಬ್ಬದಲ್ಲಿ ಕೂತಿದ್ಯಂತೆ. ರೆಕ್ಕೆ ನೋವಂತೆ. ಈಗ ಹೇಗದೆ?"

"ಇದನ್ನು ಹಾಕಿದ್ದು ನೀನಾ?" ಗಿಡುಗ ಎಡಗಾಲು ಮುಂದಿಟ್ಟಳು.

"ಹೌದು. ನೀನು ಕಳೆದುಹೋಗಬಾರದಲ್ಲ ಅಂತ."

"ನಾನು ಯಾವತ್ತು ಕಳೆದುಹೋಗಿದ್ದೆ? ಎಲ್ಲಿದ್ದೇನೆ ಅಂತ ನನಗೆ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ, ಅಷ್ಟೆ."

ಅಜ್ಜಿ ಕೈಯ ನೊರೆ ಸೆರಗಿಗೆ ಒರೆಸಿದಳು.

"ನಾನೇನು ಮೋಡವಾ? ಯಾರದೋ ಗಂಟಿನಿಂದ ಬಿದ್ದವಳಾ? ನನ್ನ ಮೈಮೇಲೆ ಗುರುತು ಹಾಕೋಕೆ ನನ್ನನ್ನು ಕೇಳಿದೆಯಾ?"

"ಪ್ರೀತಿಗೆ ಹಾಕ್ದೆ ಮಗಾ."

"ಪ್ರೀತಿಗೆ ಬಾಯಿ ಇರಲಿಲ್ವಾ ಕೇಳೋಕೆ? ಹೋಗಿ ಮಡು ನೋಡು. ಆಮೇಲೆ ಇದನ್ನು ತೆಗಿ."

ಅಜ್ಜಿ ಹೋಗಿ ಮಡು ನೋಡಿ ಬಂದಳು. ತಲೆ ಎತ್ತಲಿಲ್ಲ. ಕೂತು ತೊಳೆದಳು. ಅಂಟುವಾಳದಲ್ಲಿ ತೊಳೆದಳು. ಚೌಳು ಮಣ್ಣಿನಲ್ಲಿ ತೊಳೆದಳು. ಬೂದಿಯಲ್ಲಿ ತಿಕ್ಕಿದಳು. ಹೋಗಲಿಲ್ಲ. ಯಾವ ನೀರಿಗೂ ಹೋಗದ ಗುರುತು, ಅವಳ ಕೈಗೂ ಹೋಗಲಿಲ್ಲ.

ತಿಕ್ಕಿದಷ್ಟೂ ರಸ ಒಸರಿತು. ಉರಿ ಹತ್ತಿತು. ಗಿಡುಗ ಸಿಟ್ಟಿನಲ್ಲಿ ಕಾಲು ಕಿತ್ತುಕೊಂಡಳು. ಕಣ್ಣು ತುಂಬಿತ್ತು. ಅದೇ ಒದ್ದೆ ಕಾಲಿನಿಂದ ಕಣ್ಣು ಒರೆಸಿಕೊಂಡಳು. ಕೊಕ್ಕಿನ ಬುಡದಿಂದ ಕಣ್ಣಿನ ಮೇಲೆ ಹಾದು ಕುತ್ತಿಗೆಯವರೆಗೆ ಕರೀ ಪಟ್ಟಿ ಮೂಡಿತು. ಎರಡೂ ಕಡೆ.

"ಅಯ್ಯೋ ಮಗಾ, ಮುಖ!" ಎಂದಳು ಅಜ್ಜಿ.

"ಇರಲಿ. ನಿನ್ನ ಪ್ರೀತಿ ಎಲ್ಲರೂ ನೋಡಲಿ."

ಗಿಡುಗ ಎದ್ದಳು. ಹೊಳೆಯ ಮೇಲೆ ತಗ್ಗಿ ಹಾರಿದಳು. ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟು ಎಳೆದುಕೊಂಡು ಹೋದಳು. ತೊಳೆದಳು. ತಿರುಗಿ ಬಂದು ಮತ್ತೆ ತೊಳೆದಳು. ಆಮೇಲೆ ಕಾಣಲಿಲ್ಲ.

ಹೆಜ್ಜಾರ್ಲೆಗಳು ಬೇರೆ ನೀರು ಹುಡುಕಿಕೊಂಡು ಹೋದವು. ಮಡುವಿನಲ್ಲಿ ಮತ್ತೆ ಮೀನಾಯಿತು. ಒಣಮರ ಮಾತ್ರ ಖಾಲಿ. ಮುಂದಿನ ವರ್ಷ ಬಡಗಾಳಿ ಬಂದು, "ವಿಚಾರಿಸಲಾ ಅಜ್ಜಿ?" ಎಂದ.

"ಬಾಯಿ ಮುಚ್ಚು" ಎಂದಳು ದುಗ್ಗಜ್ಜಿ.

ಅವಳು ಮತ್ತೆ ಯಾರನ್ನೂ ವಿಚಾರಿಸಲಿಲ್ಲ. ಪ್ರತಿ ವರ್ಷ ಮೋಡ ಹರಡಿ, ಬಡಗಣದ ಕಡೆ ಒಮ್ಮೆ ನೋಡಿ, ಒಳಗೆ ಹೋಗುತ್ತಿದ್ದಳು.

ಎಷ್ಟೋ ವರ್ಷದ ಮೇಲೆ ಒಂದು ಬೆಳಗ್ಗೆ ಒಣಮರದ ಮೇಲೆ ಯಾರೋ ಕೂತಿದ್ದರು. ವರ್ಷವರ್ಷವೂ ತೊಳೆದು ತೊಳೆದು ಕಾಲು ಬೆಳ್ಳಗಾಗಿತ್ತು. ಮುಖದ ಪಟ್ಟಿ ಹಾಗೇ ಇತ್ತು.

ಅಜ್ಜಿಯ ನಾಲಿಗೆ ತುದಿಗೆ ನೂರು ಮಾತು ಬಂತು. ನುಂಗಿಕೊಂಡಳು.

"ಉಂಡ್ಯಾ ಮಗಾ?"

ಗಿಡುಗ ಕೊಂಬೆಯಿಂದ ಬಗ್ಗಿ ನೋಡಿದಳು.

"ಉಂಡೆ."

ಅಷ್ಟೇ ಹೇಳಿ ಹಾರಿದಳು. ಅಜ್ಜಿಯ ಕಣ್ಣೆದುರೇ, ಚುಕ್ಕೆಯಿಲ್ಲದ ಕಾಲನ್ನು ನೀರಿನಲ್ಲಿ ಎಳೆದು ತೊಳೆದುಕೊಂಡು ಹೋದಳು.

ಈಗಲೂ ಜನ ಅವಳ ಕಾಲಿಗೆ ಬಳೆ ತೊಡಿಸುತ್ತಾರೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟುತ್ತಾರೆ. ಇವತ್ತು ಎಲ್ಲಿದ್ದಾಳೆ, ನಾಳೆ ಎಲ್ಲಿಗೆ ಎಂದು ದಿನಾ ನೋಡುತ್ತಾರೆ. ಪ್ರೀತಿಗೇ. ಈಗಲೂ ಅವಳನ್ನು ಕೇಳುವುದಿಲ್ಲ.

ಅದಕ್ಕೇ ಮಗು, ಮಳೆ ಮುಗಿದು ಮೋಡ ಬೆಳ್ಳಗಾದಾಗ ಅಳಿವೆಗೆ ಹೋಗಿ ನಿಂತರೆ, ಕಣ್ಣಿನ ಮೇಲೆ ಕರೀ ಪಟ್ಟಿಯ ಮೀನುಗಿಡುಗ ಊಟ ಮುಗಿಸಿ ತಗ್ಗಿ ಹಾರುತ್ತ, ಎರಡೂ ಕಾಲನ್ನು ನೀರಿನಲ್ಲಿ ಎಳೆದು ಇನ್ನೂ ತೊಳೆಯುತ್ತಿರುವುದು ನಿನಗೆ ಕಾಣುತ್ತದೆ.