ಶಾಸ್ತ್ರಿಗಳ ಸೂತ್ರಕ್ಕೊಂದು ಶಾಸನ

"ಪ್ರಭು, ಇಂಥ ಸೂತ್ರ ಭೂಮಂಡಲದಲ್ಲೇ ಇಲ್ಲ!" ಎಂದು ಆಸ್ಥಾನದ ಗಣಿತಜ್ಞ ಶಂಕುಧರ ಶಾಸ್ತ್ರಿಗಳು ಶಾಲು ಸರಿಮಾಡಿಕೊಂಡರು. "ಯಾವುದೇ ಸಂಖ್ಯೆ ತಗೊಳ್ಳಿ. ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ, ನಲವತ್ತೊಂದು ಕೂಡಿಸಿ. ಬರುವುದು ಅವಿಭಾಜ್ಯ ಸಂಖ್ಯೆಯೇ. ಒಂದರಿಂದ ಮೂವತ್ತೊಂಬತ್ತರವರೆಗೆ ಖುದ್ದು ಮಾಡಿ ನೋಡಿದ್ದೇನೆ."

ಮೂಲೆಯಲ್ಲಿ ಕೂತಿದ್ದ ವಿದೂಷಕ ಬೊಮ್ಮರಸ ಆಕಳಿಸಿದ.

ನೆರೆರಾಜ್ಯದ ಗಣಿತ ಸ್ಪರ್ಧೆಗೆ ಇನ್ನು ಎಂಟೇ ದಿನ. ಅಲ್ಲಿ ಉತ್ತರ ಹೇಳಿದರೆ ಸಾಲದು, ಅದು ಯಾಕೆ ನಿಜ ಎಂದು ಸಾಧಿಸಿ ತೋರಿಸಬೇಕು. ಶಾಸ್ತ್ರಿಗಳ ತರಬೇತಿ ಮಾತ್ರ ಬಲು ಸುಲಭ: ಅವರು ಹೇಳುವುದು, ಶಿಷ್ಯರು ಬಾಯಿಪಾಠ ಮಾಡುವುದು. "ಇದಕ್ಕೆ ಸಾಧನೆ ಎಲ್ಲಿದೆ ಗುರುಗಳೇ?" ಎಂದು ಕೇಳಿದ ಅಪರಾಧಕ್ಕೆ ದೇಮವ್ವೆ ಎಂಬ ಶಿಷ್ಯೆಯ ಹೆಸರನ್ನು ಆ ಬೆಳಿಗ್ಗೆಯೇ ಪಟ್ಟಿಯಿಂದ ಹೊಡೆದುಹಾಕಿದ್ದರು. ಅವಳು ಸಿಟ್ಟಿನಿಂದ ಬೊಮ್ಮರಸನ ಬಳಿ ಬಂದಿದ್ದಳು. ಇಬ್ಬರೂ ಸೇರಿ ಇದ್ದಿಲಿನಲ್ಲಿ ಗೋಡೆಯ ಮೇಲೆ ಒಂದಿಷ್ಟು ಲೆಕ್ಕ ಗೀಚಿಯೂ ಇದ್ದರು.

"ಮಹಾಪ್ರಭು," ಬೊಮ್ಮರಸ ಎದ್ದು ಕೈಮುಗಿದ. "ಇಂಥ ಸೂತ್ರವನ್ನು ಶಿಲೆಯಲ್ಲೇ ಕೆತ್ತಿಸಬೇಕು. ಸಾಧನೆ ಗೀಧನೆ ಎಲ್ಲ ನಮ್ಮಂಥ ದಡ್ಡರಿಗೆ. ಶಾಸ್ತ್ರಿಗಳು ಹೇಳಿದ ಮೇಲೆ ಮುಗಿಯಿತು!"

ಶಾಸ್ತ್ರಿಗಳು ಉಬ್ಬಿದರು. ರಾಜ ಶಿಲ್ಪಿಯನ್ನು ಕರೆಸಿದ.

"ಉದಾಹರಣೆಯೊಂದು ಇರಲಿ," ಎಂದ ಬೊಮ್ಮರಸ. "ಮೂವತ್ತೊಂಬತ್ತರವರೆಗಿನದು ಹಳೆಯದಾಯಿತು. ಹೊಸದಾಗಿ ನಲವತ್ತನ್ನೇ ಹಾಕೋಣ. ತಮ್ಮ ಬಾಯಿಂದಲೇ ಹೇಳಬೇಕು."

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಬರೆದುಕೊಳ್ಳಯ್ಯ. ನಲವತ್ತು ಸಲ ನಲವತ್ತೊಂದು. ಅದಕ್ಕೆ ಇನ್ನೊಂದು ನಲವತ್ತೊಂದು ಕೂಡಿಸಿದರೆ... ಕೂಡಿಸಿದರೆ..."

ಧ್ವನಿ ಇಳಿಯಿತು. ಶಾಲು ಹೆಗಲಿನಿಂದ ಜಾರಿತು.

"ನಲವತ್ತೊಂದು ಸಲ ನಲವತ್ತೊಂದು," ಎಂದಳು ಬಾಗಿಲ ಬಳಿ ನಿಂತಿದ್ದ ದೇಮವ್ವೆ. "ಅಂದಮೇಲೆ ನಲವತ್ತೊಂದರಿಂದ ಸಲೀಸಾಗಿ ಭಾಗವಾಗುತ್ತದೆ ಪ್ರಭು. ಅವಿಭಾಜ್ಯ ಹೇಗಾದೀತು?"

ಶಿಲ್ಪಿ ಉಳಿ ಕೆಳಗಿಟ್ಟ.

ರಾಜನಿಗೆ ನಗು ತಡೆಯಲಾಗಲಿಲ್ಲ. "ಸ್ಪರ್ಧೆಗೆ ಈ ಹುಡುಗಿಯೇ ಮುಂದಾಳಾಗಿ ಹೋಗಲಿ. ಅಲ್ಲ ಶಾಸ್ತ್ರಿಗಳೇ, ಇನ್ನೊಂದೇ ಒಂದು ಲೆಕ್ಕ ಮಾಡಿದ್ದರೆ ಗೊತ್ತಾಗುತ್ತಿತ್ತಲ್ಲ? ಅಲ್ಲಿಗೇ ಯಾಕೆ ನಿಲ್ಲಿಸಿದಿರಿ?"

"ಸುಸ್ತಾಯಿತು ಪ್ರಭು," ಶಾಸ್ತ್ರಿಗಳು ಗೊಣಗಿದರು.

"ಪಾಪ, ನಿಮ್ಮದೇನೂ ತಪ್ಪಿಲ್ಲ ಬಿಡಿ," ಎಂದು ಬೊಮ್ಮರಸ ಅವರ ಜಾರಿದ ಶಾಲನ್ನು ಹೆಗಲಿಗೇರಿಸಿದ. "ನಿಮಗೆ ಸುಸ್ತಾದ ವಿಷಯ ಆ ಸಂಖ್ಯೆಗಳಿಗೆ ಯಾರೂ ತಿಳಿಸಿರಲಿಲ್ಲ."