ಬಾಣಂತಿ ಗುಡ್ಡದ ಸೀರೆ

ನಮ್ಮೂರಿನ ಪಡುವಣಕ್ಕೆ, ಹೊಳೆ ದಾಟಿದೊಡನೆ, ಮೈಯೆಲ್ಲ ಕೊರೆದುಹೋದ ನೀಲಿಗಪ್ಪು ಗುಡ್ಡವೊಂದಿದೆ. ಅದರ ಕಲ್ಲು ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ಸುತ್ತಲಿನ ಮನೆಗಳೆಲ್ಲ ತಲೆಯ ಮೇಲೆ ಹೊತ್ತಿರುವುದು ಈ ತೆಳು ಹಾಸುಗಲ್ಲನ್ನೇ. ಇದರ ಹೆಸರು ಬಾಣಂತಿ ಗುಡ್ಡ. ಹೆಸರು ಕೇಳಿದ ಕೂಡಲೇ ಬಂದವರು ದನಿ ತಗ್ಗಿಸಿ, ಯಾವ ಬಾಣಂತಿ ಇಲ್ಲಿ ಪ್ರಾಣ ಬಿಟ್ಟಳೆಂದು ವಿಚಾರಿಸುತ್ತಾರೆ. ಯಾರೂ ಬಿಡಲಿಲ್ಲ. ಹೆಂಗಸಿನ ಹೆಸರಿನ ಗುಡ್ಡವೋ ಕೆರೆಯೋ ಕಂಡರೆ ಸಾಕು, ಅವಳನ್ನು ಬಲಿ ಕೊಟ್ಟೇ ತೀರಬೇಕೆನ್ನುವ ಈ ಆತುರ ನನಗೆ ಸೇರುವುದಿಲ್ಲ.

ಹಿಂದೆ ಒಮ್ಮೆ, ಈ ಕಲ್ಲನ್ನು ಸೀಳುವ ಬಗೆ ಇನ್ನೂ ಯಾರಿಗೂ ತಿಳಿಯದಿದ್ದಾಗ, ಕಣಿಯ, ಅಂದರೆ ಕಲ್ಲುಗಣಿಯ, ಕೆಲಸದವರೆಲ್ಲ ಹುಲ್ಲಿನ ಗುಡಿಸಲಲ್ಲೇ ಇದ್ದರು ಎನ್ನುತ್ತಾರೆ. ಕಲ್ಲಿನ ಅಂಚಿನಲ್ಲಿ ಪದರುಗಳೇನೋ ಕಾಣುತ್ತಿದ್ದವು. ಉಳಿ ಇಟ್ಟರೆ ಮಾತ್ರ ಚೂರುಚೂರು. ಕಡಿದ ಮರವನ್ನು ಒಣಗಿಸುವ ರೂಢಿಯವರು ಕಲ್ಲನ್ನೂ ಹಾಗೆಯೇ ವಾರಗಟ್ಟಲೆ ಬಿಸಿಲಿಗೆ ಹಾಕುತ್ತಿದ್ದರಂತೆ. ಒಂದು ಬೇಸಿಗೆಯ ಕೊನೆಗೆ ಕಣಿಯ ಸಾಬಣ್ಣನ ಗುಡಿಸಲು ಒಲೆಯ ಕಿಡಿಗೆ ಸುಟ್ಟುಹೋಯಿತು. ಹೆಂಡತಿ ರಾಚಮ್ಮ ಹಡೆದು ಇನ್ನೂ ವಾರ ತುಂಬಿರಲಿಲ್ಲ. ಬಂಡೆಗೆ ಕಂಬಳಿ ಕಟ್ಟಿ ತಾಯಿ ಕೂಸನ್ನು ಮಲಗಿಸಿದರು. ಹುಲ್ಲು ಸಿಗುವ ಕಾಲವಲ್ಲ, ಮೋಡ ಬೇರೆ ಕೂಡತೊಡಗಿತ್ತು. ಮಳೆಗೆ ಮುಂಚೆ ಸೂರಾಗದಿದ್ದರೆ ಕೂಸು ಉಳಿಯದೆಂದು ಬಾಣಂತನಕ್ಕೆ ಬಂದಿದ್ದ ಅತ್ತೆ ಬೋರಮ್ಮ ಅಳಿಯನನ್ನು ದಿನವೂ ಕಾಡುತ್ತಿದ್ದಳು.

ಈ ಬೋರಮ್ಮ ಬಲು ಮಡಿವಂತೆ. ಬಾಣಂತಿಯ ಬಟ್ಟೆ ಕಂಡವರ ಕಣ್ಣಿಗೆ ಬಿದ್ದರೆ ದೃಷ್ಟಿಯಾಗುತ್ತದೆಂದು ಅವಳ ನಂಬಿಕೆ. ಆದರೆ ಬಟಾಬಯಲಿನ ಕಣಿಯಲ್ಲಿ ಮರೆ ಎಲ್ಲಿಯದು? ಆಗತಾನೆ ಬಿಡಿಸಿದ ದಪ್ಪ ಕಲ್ಲೊಂದು ನೆರಳಿನ ಗುಂಡಿಯಲ್ಲಿ ಬಿದ್ದಿತ್ತು. ದಿನವೂ ಬೆಳಿಗ್ಗೆ ಒಗೆದ ಸೀರೆಯನ್ನೂ ಸಂಜೆ ಒಗೆದ ಸೀರೆಯನ್ನೂ ಅದರ ಮೇಲೆಯೇ ಹರವುತ್ತಿದ್ದಳು. ನೆರಳಲ್ಲಿ ಸೀರೆ ಬೇಗ ಆರುತ್ತಿರಲಿಲ್ಲ, ಅಡಿಯ ಕಲ್ಲಂತೂ ಆರಲೇ ಇಲ್ಲ. ಸೂರಿಗೆ ಹಾಸುಗಲ್ಲು ಎಬ್ಬಿಸಲು ಹೋಗಿ ಒಣಗಿದ ಕಲ್ಲನ್ನೆಲ್ಲ ಒಡೆದು ಹಾಳುಮಾಡಿ ಸೋತ ಸಾಬಣ್ಣ ಕಡೆಗೆ ಸೀರೆ ಸರಿಸಿ ಅದಕ್ಕೇ ಉಳಿ ಇಟ್ಟ. ಕಾದ ರೊಟ್ಟಿಯ ಪದರು ಎದ್ದಂತೆ ಕಲ್ಲು ಅಗಲಕ್ಕೆ ಎದ್ದುಬಂತು.

ಸೀರೆಯ ಮಹಿಮೆ ಎಂದು ಸುದ್ದಿಯಾಯಿತು. ಕಣಿಯ ಗಂಡಸರೆಲ್ಲ ಬೋರಮ್ಮನ ಮುಂದೆ ಕೈಯೊಡ್ಡಿ ನಿಂತರು. "ನನ್ನ ಮಗಳಿಗಿರೋವೇ ಎರಡು ಸೀರಿ. ನಿಮಗ ಕೊಟ್ಟು ಅಕಿ ಏನು ಉಟ್ಕೋಬೇಕು? ನಿಮ್ಮ ರುಮಾಲೇ ತೋಯಿಸಿ ಹಾಕ್ರಿ!" ಎಂದು ಅವಳು ಬೈದಳಂತೆ. ಹಾಕಿದರು; ಕಲ್ಲು ಅದಕ್ಕೂ ಸೀಳಿತು. ಹೊಸ ಕಲ್ಲಿನ ಹಸಿ ಆರಬಾರದು, ಅಷ್ಟೇ ಗುಟ್ಟು ಎಂಬುದು ನನ್ನ ತಿಳಿವಳಿಕೆ. ಕಣಿಯವರು ಒಪ್ಪುವುದಿಲ್ಲ. ಅವರ ಪ್ರಕಾರ ಗುಡ್ಡವೇ ಬಾಣಂತಿ, ಹೊರಬಂದ ಕಲ್ಲು ಅದರ ಹಸುಗೂಸು. ಮೊದಲ ಮಳೆ ಹೊಡೆದಾಗ ರಾಚಮ್ಮ ಕಲ್ಲಿನ ಸೂರಿನಡಿ ಕೂಸಿಗೆ ಹಾಲೂಡಿಸುತ್ತ, ಮೇಲಿನ ಸದ್ದು ಕೇಳಿ ಸಂತೋಷಕ್ಕೆ ಅತ್ತಳು ಎನ್ನುತ್ತಾರೆ. ಈ ಮಾತನ್ನು ನಾನೂ ನಂಬುತ್ತೇನೆ.

ಇಂದಿಗೂ ಅಲ್ಲಿ ಒದ್ದೆ ಹಳೆ ಸೀರೆ ಹೊದ್ದ ಕಲ್ಲುಗಳು ಸಾಲಾಗಿ ಮಲಗಿರುತ್ತವೆ. ಗೋಣಿಚೀಲ ಬೇಕಾದಷ್ಟು ಸಿಕ್ಕರೂ, ಹಡೆದ ಮನೆಯಿಂದ ಸೀರೆಯನ್ನೇ ಕೇಳಿ ತರುತ್ತಾರೆ. ಪಟ್ಟಣದಿಂದ ಬಂದಿದ್ದ ನನ್ನ ನೆಂಟರೊಬ್ಬರು ಕುತೂಹಲ ತಡೆಯದೆ ಒಂದರ ಅಂಚು ಎತ್ತಿದರು. ಉಳಿ ಮಸೆಯುತ್ತಿದ್ದ ಮುದುಕ ತಲೆಯೆತ್ತಿ, "ಈಗರೇ ಹುಟ್ಯಾದ್ರಿ. ಮುಚ್ರಿ, ಗಾಳಿ ಬಡೀತದ" ಎಂದ. ನೆಂಟರು ನಗಲಿಲ್ಲ. ಅಂಚನ್ನು ಮೆಲ್ಲಗೆ ಎಳೆದು, ಸುತ್ತಲೂ ಒತ್ತಿ ಮುಚ್ಚಿದರು.