ಹುಲ್ಲಹರವಿಯ ಜಾಗ ಕಾದ ಟಿಟ್ಟವ್ವ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡಗಳು ತಮಗೊಂದು ಜಾಗ ಹುಡುಕಿಕೊಂಡು ಓಡಾಡುತ್ತಿದ್ದವು. ಹೊಳೆಗಳು ಯಾವ ಕಡೆ ಹರಿಯೋಣ ಎಂದು ನಿಂತಲ್ಲೇ ಮಾತಾಡಿಕೊಳ್ಳುತ್ತಿದ್ದವು. ಗಾಳಿಗೆ ಮಾತ್ರ ಆಗಲೂ ಕೂರಲು ಪುರುಸೊತ್ತು ಇರಲಿಲ್ಲ.

ದೊಡ್ಡ ಹೊಳೆ ಎಲ್ಲರಿಗಿಂತ ಮೊದಲು ಎದ್ದು ಒಳ್ಳೆಯ ಕಡೆ ಹಿಡಿದುಬಿಟ್ಟಿತು. ಅದರ ಬೆನ್ನ ಹಿಂದೆ ಕಪ್ಪನೆಯ ಎರೆಮಣ್ಣು ಹೋಯಿತು. ಹುಣಸೆ, ಮಾವು ಹೋದವು. ಬಾಳೆಯೂ ಹೋಯಿತು. ಒಬ್ಬರ ಮೇಲೊಬ್ಬರು ಕೂತರೂ ಸರಿ, ಹೊಳೆಯ ದಂಡೆಯಲ್ಲೇ ಇರಬೇಕೆಂದು ಎಲ್ಲರಿಗೂ ಹಟ.

ಎಲ್ಲರೂ ಹಂಚಿಕೊಂಡ ಮೇಲೆ ಉಳಿದದ್ದು ನಮ್ಮ ಹುಲ್ಲಹರವಿ ಸೀಮೆ. ಕೆಂಪು ನೆಲ, ಮೊಣಕಾಲುದ್ದ ಹುಲ್ಲು, ಅಲ್ಲಲ್ಲಿ ಕಲ್ಲು, ಒಂದು ಬೋಳು ಗುಡ್ಡ, ಮಳೆ ಬಂದಾಗ ಮಾತ್ರ ಹರಿಯುವ ಒಂದು ಹಳ್ಳ. ಬಯಲು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅಂಗಾತ ಮಲಗಿ ಆಕಾಶ ನೋಡುತ್ತಿತ್ತು. ಅಲ್ಲಿ ಕಾಣುವಷ್ಟು ಆಕಾಶ ಇನ್ನೆಲ್ಲೂ ಕಾಣುವುದಿಲ್ಲ ಕೂಸೇ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆ ಕಾಲದಲ್ಲಿ ಟಿಟ್ಟಿಭ ಹಕ್ಕಿ ಮರದ ಮೇಲೆ ಗೂಡು ಕಟ್ಟುತ್ತಿತ್ತು. ನಗಬೇಡ, ನಿಜ. ಹಳ್ಳದ ದಂಡೆಯ ಬನ್ನಿ ಮರದ ಮೇಲೆ, ಒಳಗೆ ಮೆತ್ತನೆ ಹುಲ್ಲು ಹಾಸಿ, ಅಚ್ಚುಕಟ್ಟಾದ ಗೂಡು. ಬೆಳ್ಳನೆಯ ಮೊಟ್ಟೆ ಇಟ್ಟು, ಕಾಲು ಮಡಚಿ, ರಾಣಿಯ ಹಾಗೆ ಕೂರುತ್ತಿತ್ತು.

ಒಂದು ಮಳೆಗಾಲ ಪಡುವಣದಿಂದ ಕುರಿಗಳು ಬಂದವು. ಕುರಿಗಳ ಹಿಂದೆ ಜನ ಬಂದರು. ಎಲ್ಲರ ಮುಂದೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಕೆಂಚವ್ವ ಎಂಬ ಹೆಣ್ಣುಮಗಳು. ಅವಳ ಮಗ ಮಾಳಿಂಗ ಪಕ್ಕದಲ್ಲಿ. ಕೆಂಚವ್ವ ನಿಂತು ಸುತ್ತ ನೋಡಿದಳು.

“ಇಲ್ಲೇ ಇಳಿಸ್ರೆಪಾ ಗಂಟು. ಎಷ್ಟ್ ಚಂದ ಐತಿ ನೋಡ್ರಿ, ಕಣ್ಣಿಗೆ ಅಡ್ಡ ಬರೂದೊಂದೂ ಇಲ್ಲ,” ಅಂದಳು.

ತನ್ನನ್ನು ಚೆಂದ ಅಂದವರನ್ನು ಬಯಲು ಆವತ್ತೇ ಮೊದಲು ನೋಡಿದ್ದು.

ಅಲ್ಲಿ ಯಾವುದಕ್ಕೂ ಹೆಸರಿರಲಿಲ್ಲ. ಕೆಂಚವ್ವನಿಗೆ ಹೆಸರಿಲ್ಲದ್ದನ್ನು ಕಂಡರೆ ಬಾಯಿ ತಡೆಯುತ್ತಿರಲಿಲ್ಲ. ಯಾವಾಗ ಬರುತ್ತದೋ ಯಾವಾಗ ಮುಖ ತಿರುಗಿಸುತ್ತದೋ ತಿಳಿಯದ ಹಳ್ಳಕ್ಕೆ ಮುನಿಸಿನ ಹಳ್ಳ ಅಂದಳು. ಉದ್ದನೆಯ ದಿಬ್ಬ ಕುರಿಬೆನ್ನು ಆಯಿತು. ಕೂತು ರೊಟ್ಟಿ ತಿಂದ ಬಂಡೆ ಬುತ್ತಿಗಲ್ಲು ಆಯಿತು. ಬೋಳು ಗುಡ್ಡಕ್ಕೆ ಮಾವನ ನೆತ್ತಿ ಎಂದು ಹೆಸರಿಟ್ಟಳು. ಅವಳ ಮಾವ ಆಗ ಇರಲಿಲ್ಲ ಬಿಡು, ಇದ್ದಿದ್ದರೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಬನ್ನಿ ಮರದ ಹಕ್ಕಿಯನ್ನು ಟಿಟ್ಟವ್ವ ಎಂದು ಕರೆದಳು. ಹಕ್ಕಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ, ಯಾರೂ ಕೇಳದಿದ್ದರೂ ಅದನ್ನೇ ಹೇಳಿಕೊಂಡು ತಿರುಗಿತು.

ಮರದ ಕೆಳಗೆ ಮೂರು ಕಲ್ಲಿಟ್ಟು ಕೆಂಚವ್ವ ಒಲೆ ಹೂಡಿದಳು. ಗಾಳಿ ಓಡಿ ಬಂದು ಉರಿಯನ್ನು ಆಚೆ ಈಚೆ ಎಳೆದಾಡಿತು.

“ಗಾಳೆಪ್ಪಾ, ಒಲಿ ಆರಿಸಬ್ಯಾಡೋ. ರೊಟ್ಟಿ ಸುಟ್ಟ ಮ್ಯಾಲೆ ಎಷ್ಟರೆ ಕುಣಿ,” ಅಂದಳು ಕೆಂಚವ್ವ.

ಗಾಳಿ ತಗ್ಗಿತು. ದೊಡ್ಡವರು ಪ್ರೀತಿಯಿಂದ ಬೈದರೆ ಆಗ ಎಲ್ಲರೂ ಕೇಳುತ್ತಿದ್ದರು.

ಕೆಂಚವ್ವನ ಹಿಂದೆ ಇನ್ನಷ್ಟು ಜನ ಬಂದರು. ಕುರಿಬೆನ್ನಿನ ಆಚೆ ಒಂದು ಹಟ್ಟಿ, ಮಾವನ ನೆತ್ತಿಯ ಬುಡದಲ್ಲಿ ಇನ್ನೊಂದು. ಒಂದು ಹಟ್ಟಿಯ ಕೂಗು ಇನ್ನೊಂದಕ್ಕೆ ಕೇಳಬೇಕು, ಮನೆ ಕಟ್ಟಲು ಅದೇ ಅಳತೆ. ಒಬ್ಬರ ಒಲೆ ಆರಿದರೆ ಇನ್ನೊಬ್ಬರ ಒಲೆಯಿಂದ ಕೆಂಡ ಬರುತ್ತಿತ್ತು. ಸಜ್ಜೆ ರೊಟ್ಟಿಯ ವಾಸನೆ, ಕುರಿಯ ಹಾಲಿನ ವಾಸನೆ, ಮಳೆಯಲ್ಲಿ ನೆಂದ ಕಂಬಳಿಯ ವಾಸನೆ. ಅದನ್ನೆಲ್ಲ ನಾನು ಕಂಡವಳಲ್ಲ, ಆದರೂ ನೆನೆಯುತ್ತಲೇ ಇರುತ್ತೇನೆ. ಎಂಥ ದಿನಗಳು ಅವು!

ಒಂದು ವರ್ಷ ಮುನಿಸಿನ ಹಳ್ಳ ನಿಜವಾಗಿಯೂ ಮುನಿಸಿಕೊಂಡಿತು. ಮಳೆಗಾಲ ಬಂದು ಹೋಯಿತು, ಹಳ್ಳ ಬರಲಿಲ್ಲ. ಹುಲ್ಲು ಹಳದಿಯಾಯಿತು. ಕುರಿಗಳು ಒಂದರ ಮುಖ ಒಂದು ನೋಡಿದವು.

ಆಗ ಗಾಳಿ ಬಂದು, “ದೊಡ್ಡ ಹೊಳಿ ಕಡೆ ಹಸರ ಐತವಾ, ಕಣ್ಣಾರೆ ನೋಡಿ ಬಂದೀನಿ,” ಅಂತು.

ಕೆಂಚವ್ವ ಗಂಟು ಕಟ್ಟಿದಳು. ಎಲ್ಲ ಹಟ್ಟಿಯವರೂ ಕಟ್ಟಿದರು. ಹೊರಡುವಾಗ ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದರು. ಹಳ್ಳಕ್ಕೆ, “ಬರ್ತೀವಪಾ.” ಗುಡ್ಡಕ್ಕೆ, “ಬರ್ತೀವ್ರಿ ಮಾವಾ.” ಬಯಲಿಗೆ, “ಹೋಗಿ ಬರ್ತೀವವಾ.” ಕೊನೆಗೆ ಕೆಂಚವ್ವ ಬನ್ನಿ ಮರದ ಕೆಳಗೆ ಬಂದು ತಲೆ ಎತ್ತಿದಳು.

“ಟಿಟ್ಟವ್ವಾ, ಬರ್ತೀವಿ. ನಾವು ಬರೂತನಕ ಜಾಗದ ಕಡೆ ಒಂದೀಟು ಲಕ್ಷ್ಯ ಇರ್ಲಿ.”

ನಮ್ಮಲ್ಲಿ ಹೊಸ್ತಿಲು ದಾಟುವವರು ‘ಹೋಗ್ತೀನಿ’ ಅನ್ನುವುದಿಲ್ಲ. ನೂರು ಹರದಾರಿ ಹೋಗುವವರೂ ‘ಬರ್ತೀನಿ’ ಎಂದೇ ಹೋಗುವುದು. ಇದು ಮನುಷ್ಯರಿಗೆಲ್ಲ ಗೊತ್ತು. ಹಕ್ಕಿಗೆ ಹೇಗೆ ಗೊತ್ತಾಗಬೇಕು? ಬರ್ತೀವಿ ಎಂದರೆ ಬರುತ್ತಾರೆ ಎಂದು ತಿಳಿದುಕೊಂಡಿತು.

“ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ,” ಅಂತು.

ಹಟ್ಟಿಗಳು ಖಾಲಿಯಾದವು. ಸುದ್ದಿ ಮುಟ್ಟಿದ್ದು ಮೊದಲು ಜಾಲಿಗೆ. ಸೀಮೆಯ ಅಂಚಿನಲ್ಲಿ ಮುಳ್ಳು ಮಸೆಯುತ್ತಾ ಕೂತಿದ್ದ ಜಾಲಿಗೆ ಮಕ್ಕಳು ಮರಿ ಲೆಕ್ಕವಿಲ್ಲದಷ್ಟು. ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದೇ ಬಿಟ್ಟಿತು.

“ಏನ್ ಟಿಟ್ಟವ್ವಾ, ಜಾಗ ಖಾಲಿ ಐತಂತಲ್ಲ?”

“ಯಾರು ಹೇಳಿದ್ರು? ಜನ ಅದಾರ. ಊರಿಗೆ ಹೋಗ್ಯಾರ, ಬರ್ತಾರ.”

“ನನ್ನ ಕಣ್ಣಿಗೆ ಯಾರೂ ಕಾಣವಲ್ರು,” ಎಂದು ಜಾಲಿ ಒಂದು ಬೇರನ್ನು ಮೆಲ್ಲಗೆ ಮುಂದೆ ಚಾಚಿತು.

ಟಿಟ್ಟವ್ವ ಗೂಡಿನಿಂದ ಬಗ್ಗಿ ಆ ಬೇರನ್ನು ನೋಡಿತು. ಜಾಲಿ ಬೇರು ಬಿಟ್ಟರೆ ಹುಲ್ಲು ಸಾಯುತ್ತದೆ. ಕಾಲುದಾರಿ ಮುಚ್ಚುತ್ತದೆ. ಬುತ್ತಿಗಲ್ಲು, ಒಲೆಯ ಕಲ್ಲು ಮುಳ್ಳಿನೊಳಗೆ ಹೂತುಹೋಗುತ್ತವೆ. ಕೆಂಚವ್ವ ತಿರುಗಿ ಬಂದು ತನ್ನ ಮನೆ ಯಾವುದೆಂದು ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಹೊಸ ಭೂಮಿಗೆ ಒಂದು ಕಟ್ಟಳೆ ಇತ್ತು. ಮೊಟ್ಟೆ ಇರುವ ನೆಲದಲ್ಲಿ ಯಾರೂ ಬೇರು ಇಳಿಸುವಂತಿಲ್ಲ. ಟಿಟ್ಟವ್ವನಿಗೆ ಅದು ನೆನಪಾಯಿತು. ಬನ್ನಿ ಮರದ ಮೆತ್ತನೆ ಗೂಡನ್ನು ಬಿಟ್ಟು ಇಳಿದು ಬಂತು. ಕೆಂಚವ್ವನ ಒಲೆಯ ಕಲ್ಲುಗಳ ನಡುವೆ, ಬರೀ ನೆಲದ ಮೇಲೆ, ಮೊಟ್ಟೆ ಇಟ್ಟಿತು. ನಾವು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕುತ್ತೇವಲ್ಲ, ಹಾಗೆ!

ಜಾಲಿ ಮುಖ ಸಿಂಡರಿಸಿತು. ಕಟ್ಟಳೆ ಮುರಿಯಲು ಬರುವುದಿಲ್ಲ. ಬೇರನ್ನು ಹಿಂದಕ್ಕೆ ಎಳೆದುಕೊಂಡಿತು.

ನೆಲದ ಬಾಳು ಸುಲಭವೇ? ಬೆಳ್ಳಗೆ ಹೊಳೆಯುವ ಆ ಮೊಟ್ಟೆಗಳನ್ನು ನರಿ ದೂರದಿಂದಲೇ ಕಂಡಿತು. ಟಿಟ್ಟವ್ವ ಹಳ್ಳದ ಗುಂಡಿಗೆ ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಪಾಪ, ಖಾಲಿ ನೆಲದ ಸುತ್ತ ತಿರುಗಿ ತಿರುಗಿ ಅತ್ತಿತು. ಅತ್ತು ಅತ್ತು ಅದರ ಕಣ್ಣಂಚು ಕೆಂಪಾಯಿತು.

ಒಲೆಯ ಕಲ್ಲುಗಳಿಗೆ ನೋಡಲಾಗಲಿಲ್ಲ. “ನಮ್ಮ ಬಣ್ಣ ತಗೋ ಟಿಟ್ಟವ್ವಾ. ಮಸಿ ಕಲೀನೂ ತಗೋ,” ಅಂದವು.

ಮುಂದಿನ ಸಲ ಟಿಟ್ಟವ್ವ ಇಟ್ಟ ಮೊಟ್ಟೆಗಳು ಮಣ್ಣು ಬಣ್ಣದವು, ಮೇಲೆ ಕಪ್ಪು ಕಪ್ಪು ಚುಕ್ಕೆ. ನರಿ ಪಕ್ಕದಲ್ಲೇ ಹಾದು ಹೋಯಿತು, ಕಲ್ಲೆಂದುಕೊಂಡು. ಬಿಸಿಲು ಸುಟ್ಟಾಗ ಟಿಟ್ಟವ್ವ ಹಳ್ಳದ ಗುಂಡಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಚಿಗರಿ ಜಿಂಕೆಗಳ ಹಿಂಡು ಓಡಿ ಬಂದರೆ ರೆಕ್ಕೆ ಅಗಲಿಸಿ ಎದುರು ನಿಲ್ಲುತ್ತಿತ್ತು. ಅಷ್ಟು ಸಣ್ಣ ಹಕ್ಕಿಗೆ ಹೆದರಿ ಹಿಂಡು ಸುತ್ತು ಹಾಕಿ ಹೋಗುತ್ತಿತ್ತು.

ಮುನಿಸಿನ ಹಳ್ಳ ಸಿಟ್ಟು ಇಳಿಸಿಕೊಂಡು ಮತ್ತೆ ಹರಿಯಿತು. ಹುಲ್ಲು ಹಸಿರಾಯಿತು. ಜನ ಬರಲಿಲ್ಲ. ಹೀಗೇ ಎಷ್ಟೋ ಮಳೆಗಾಲ ಬಂದು ಹೋದವು, ಜನ ಬರಲಿಲ್ಲ.

ಜಾಲಿ ಮತ್ತೆ ಬಂತು. “ಟಿಟ್ಟವ್ವಾ, ಬರದವರ ಹೆಸರು ಹೇಳಿ ಎಷ್ಟ್ ದಿನ ಜಾಗ ಹಿಡೀತಿ? ಅವರ ಬಾಯಿಂದ ಒಂದ್ ಮಾತು ಕೇಳ್ಕೊಂಡ್ ಬಾ. ಬರ್ತೀವಿ ಅಂದ್ರ ನಾ ಮತ್ತ ಈ ಕಡೆ ತಲಿ ಹಾಕಂಗಿಲ್ಲ. ಬರಂಗಿಲ್ಲ ಅಂದ್ರ ಬಯಲು ನಂದು.”

“ಮೊಟ್ಟಿ ನಾ ನೋಡ್ಕೋತೀನಿ, ಹೋಗು,” ಎಂದು ಬಯಲು ತನ್ನ ಹುಲ್ಲನ್ನು ಮೊಟ್ಟೆಗಳ ಮೇಲೆ ಬಾಗಿಸಿತು. ಟಿಟ್ಟವ್ವ ಹಾರಿತು.

ದೊಡ್ಡ ಹೊಳೆಯ ದಂಡೆಯಲ್ಲಿ ಎಷ್ಟು ಜನ, ಎಷ್ಟು ಗದ್ದಲ! ಆ ಗದ್ದಲದ ನಡುವೆ ಕೆಂಚವ್ವ ಒಂದು ಹೊಲದ ಬದುವಿನ ಮೇಲೆ ಕೂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಕಾಲಿಗೆ ಎರೆಮಣ್ಣು ದಪ್ಪಗೆ ಮೆತ್ತಿಕೊಂಡಿತ್ತು. ಎರೆಯ ಗುಣ ನಿನಗೇ ಗೊತ್ತಲ್ಲ, ಮಳೆಗಾಲದಲ್ಲಿ ಒಂದು ಹೆಜ್ಜೆ ಇಟ್ಟರೆ ಇನ್ನೊಂದು ಹೆಜ್ಜೆ ಏಳಗೊಡುವುದಿಲ್ಲ. ಮಾಳಿಂಗ ಅಲ್ಲೇ ಜೋಳ ಬಿತ್ತಿದ್ದ, ಅವನ ಮಕ್ಕಳು ಅಲ್ಲೇ ಹುಟ್ಟಿದ್ದರು.

“ಯವ್ವಾ! ನನ್ನ ಟಿಟ್ಟವ್ವ!” ಎಂದು ಕೆಂಚವ್ವ ಕೈ ಚಾಚಿದಳು.

“ಯಾವಾಗ ಬರ್ತೀರಿ?” ಟಿಟ್ಟವ್ವ ಕೇಳಿತು. “ಬರ್ತೀವಿ ಅಂದಿದ್ರಿ. ನಿಮ್ಮ ಒಲಿಯಾಗ ಮೊಟ್ಟಿ ಇಟ್ಟು ಜಾಗ ಹಿಡ್ಕೊಂಡು ಕುಂತೀನಿ.”

ಮಾಳಿಂಗನಿಗೆ ನಗು ಬಂತು. “ಅಯ್ಯ, ಅದು ಮಾತಿಗೆ ಅನ್ನೂದು! ಹೊರಡೂ ಮುಂದ ಹೋಗ್ತೀವಿ ಅನಬಾರದಲ್ಲ, ಅದಕ್ಕ ಬರ್ತೀವಿ ಅಂದ್ವಿ.”

“ಸುಮ್ಕಿರೋ,” ಅಂದಳು ಕೆಂಚವ್ವ. ಆದರೆ ಮಾತು ಆಗಿಹೋಗಿತ್ತು.

ನರಿ ತಿಂದ ಮೊಟ್ಟೆಗಳು ಟಿಟ್ಟವ್ವನ ಕಣ್ಣ ಮುಂದೆ ಬಂದವು.

“ಹಂಗಾರ ಬರಂಗಿಲ್ಲ ಅಂತ ಅಂದ್ಬಿಡವಾ,” ಅಂತು ಕೊನೆಗೆ. “ನಾ ಹೋಗಿ ಜಾಲಿಗೆ ಹೇಳಿ, ನನ್ನ ಗೂಡು ಏರ್ತೀನಿ. ನನ್ನ ಮಕ್ಕಳರೆ ಸುಖವಾಗಿರ್ಲಿ.”

ಕೆಂಚವ್ವ ಬಾಯಿ ತೆರೆದಳು. ಹೇಳಿಬಿಡುವುದೇ ಸರಿ ಎಂದು ಅವಳಿಗೂ ಗೊತ್ತಿತ್ತು. ಟಿಟ್ಟವ್ವನ ಗರಿಯಲ್ಲಿ ಹುಲ್ಲಹರವಿಯ ಕೆಂಪು ಧೂಳಿತ್ತು, ಒಣಹುಲ್ಲಿನ ವಾಸನೆ ಇತ್ತು. ಅದು ಮೂಗಿಗೆ ಬಂದದ್ದೇ ಅವಳಿಗೆ ಹಳ್ಳ, ದಿಬ್ಬ, ಬಂಡೆ ಎಲ್ಲ ಒಟ್ಟಿಗೆ ನೆನಪಾದವು. ಒಮ್ಮೆ ಕಾಲು ಎತ್ತಿ ನೋಡಿದಳು. ಎರೆ ಬಿಡಲಿಲ್ಲ. ಬರಂಗಿಲ್ಲ ಎಂಬ ಮಾತನ್ನು ಆಡಲು ನೋಡಿದಳು. ನಾಲಿಗೆ ಹೊರಳಲಿಲ್ಲ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು ಅದು.

“ಬರ್ತೀವಿ,” ಅಂದಳು ಕೆಂಚವ್ವ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ. “ಬರ್ತೀವಿ ಟಿಟ್ಟವ್ವಾ.”

ಈ ಸಲ ಅವಳು ಬರೀ ಮಾತಿಗೆ ಅಂದಿರಲಿಲ್ಲ. ಬರುವುದು ಆಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಟಿಟ್ಟವ್ವನಿಗೂ ಎರಡೂ ತಿಳಿದವು. ಅವಳ ಕೈಯ ಮೇಲೆ ಒಂದು ಗಳಿಗೆ ಕೂತು, ತಿರುಗಿ ಹಾರಿತು.

ಬಯಲಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಗುಡ್ಡ ಕತ್ತು ಉದ್ದ ಮಾಡಿತ್ತು. ಹಳ್ಳ ಹರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಿತ್ತು. ಜಾಲಿ ಬೇರು ಎತ್ತಿ ನಿಂತಿತ್ತು.

“ಏನಂದ್ಲು ಕೆಂಚವ್ವ?” ಜಾಲಿ ಕೇಳಿತು.

ಟಿಟ್ಟವ್ವ ಬನ್ನಿ ಮರದ ಮೇಲಿನ ತನ್ನ ಹಳೆಯ ಗೂಡನ್ನು ನೋಡಿತು. ಹುಲ್ಲಿನಡಿಯ ಮೊಟ್ಟೆಗಳನ್ನು ನೋಡಿತು. ತನ್ನ ಬಾಯನ್ನೇ ನೋಡುತ್ತಿದ್ದ ಬಯಲನ್ನು ನೋಡಿತು.

“ಬರ್ತೀವಿ ಅಂದ್ಲು,” ಅಂತು.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಜಾಲಿ ಬಳಗ ಕಟ್ಟಿಕೊಂಡು ಸೀಮೆಯ ಅಂಚಿಗೆ ಹೋಯಿತು. ಬಯಲು ನಿಟ್ಟುಸಿರು ಬಿಟ್ಟು ಮತ್ತೆ ಅಂಗಾತ ಮಲಗಿತು. ಟಿಟ್ಟವ್ವ ನೆಲದ ಮೇಲಿನ ಮೊಟ್ಟೆಗಳ ಮೇಲೆ ಕೂತಿತು. ಮರ ಏರದೆ ಏರದೆ ಅದಕ್ಕೆ ಕೊಂಬೆ ಹಿಡಿಯುವ ಹಿಂದಿನ ಬೆರಳೂ ಸಣ್ಣದಾಗಿ ಹೋಯಿತು.

ಆಮೇಲೆ ಹುಲ್ಲಹರವಿಗೆ ಬಂದವರು ಕೆಲವರೇ. ಯಾವುದೋ ಎರಡು ಮನೆ ಇಲ್ಲಿ, ಯಾವುದೋ ನಾಲ್ಕು ಅಲ್ಲಿ. ಒಂದೂರಿನ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ನಾವೆಲ್ಲ ಎರೆಯಲ್ಲಿ ಕಾಲು ಹೂತವರ ಮಕ್ಕಳು ಕೂಸೇ, ಮಾಳಿಂಗನ ಕಡೆಯವರು. ನಮ್ಮ ಜಾಗ ಅಲ್ಲಿ ಇನ್ನೂ ಖಾಲಿ ಇದೆ ಎಂದು ನೆನೆದರೆ ನನಗೆ ಸಂತೋಷವೂ ಆಗುತ್ತದೆ, ಅಳುವೂ ಬರುತ್ತದೆ.

ಅದಕ್ಕೇ ಇವತ್ತಿಗೂ ಹುಲ್ಲಹರವಿಯಲ್ಲಿ ನೀನು ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ಕಣ್ಣಂಚು ಕೆಂಪಾದ ಒಂದು ಹಕ್ಕಿ ಕಲ್ಲುಗಳ ನಡುವಿನಿಂದ ಎದ್ದು, ನಿನ್ನ ತಲೆಯ ಮೇಲೆ ಸುತ್ತುತ್ತಾ, “ಬಂದೀರೇನ್ರೀ? ಬಂದೀರೇನ್ರೀ?” ಎಂದು ಕೇಳುತ್ತದೆ.